ಬಾರ್ಸಿಲೋನಾದಿಂದ ರೋಮ್‌ಗೆ ಬಸ್ ಪ್ಯಾಕೇಜ್: ಮುಂಗಡ ಕಟ್ಟೋ ಮುಂಚೆ ಏನೇನು ಕೇಳಬೇಕು?

ತೊಗರಿನಾಡು, ಕಲಬುರಗಿ:
ಸೆಪ್ಟೆಂಬರ್ ಕೊನೀಗೆ ಗಂಡ-ಹೆಂಡ್ತಿ ಇಬ್ರು ಹೊರಟೀವಿ. ಬಾರ್ಸಿಲೋನಾ 3 ರಾತ್ರಿ, ನೀಸ್ 2, ಪೀಸಾ 1, ರೋಮ್ 3. ನಡುವ ಮೊನಾಕೊ. ಎಲ್ಲಾ ಬಸ್ಸಿನಾಗ. ಆಕೀಗಿ ಮೊಣಕಾಲು ನೋವು ಅದ. ಬಸ್ಸಿನಾಗ ಎಷ್ಟು ತಾಸು ಕೂಡಬೇಕಾಗ್ತದ? ವೀಸಾ ಯಾವ ದೇಶದ್ದು? ರೊಟ್ಟಿ-ಹಿಂಡಿ (ಚಟ್ನಿಪುಡಿ) ಒಯ್ಯಬಹುದಾ?

ಶಹಾಬಾದ್‌ಕಲ್ಲು:
ಇಡೀ ಪ್ಯಾಕೇಜಿನಾಗ ಭಾರೀ ದಿನ ಅಂದ್ರ ಬಾರ್ಸಿಲೋನಾ-ನೀಸ್. ಸುಮಾರು 660 ಕಿ.ಮೀ. ಅಲ್ಲಿ ಕಾನೂನಿನ ಪ್ರಕಾರ ಡ್ರೈವರ್ ನಾಲ್ಕೂವರೆ ತಾಸು ಓಡಿಸಿದ ಮ್ಯಾಲ 45 ನಿಮಿಷ ಬಿಡುವು ತಗೊಳ್ಳಲೇಬೇಕು. ದಿನಕ್ಕ 9 ತಾಸು ದಾಟುವಂಗಿಲ್ಲ, ವಾರಕ್ಕ ಎರಡು ಸಲ ಮಾತ್ರ 10. ಗಾಡಿಯಾಗಿನ ಟ್ಯಾಕೋಗ್ರಾಫ್ ಎಲ್ಲಾ ದಾಖಲು ಮಾಡ್ತದ. ಹಂಗಾಗಿ ಮುಂಜಾನೆ ಯಾರೋ ಅರ್ಧ ತಾಸು ತಡ ಮಾಡಿದ್ರ ಸಂಜಿಗಿ ಒಂದು ಜಾಗ ತಪ್ಪತದ, ಡ್ರೈವರ್ ಸಂಗಡ ವಾದ ಮಾಡಿ ಫಾಯದಾ ಇಲ್ಲ. ಬಾರ್ಸಿಲೋನಾದ ಮೂರನೇ ರಾತ್ರಿ ತೆಗೆದು ನಡುವಿನ ನೀಮ್ ಇಲ್ಲಾ ಅವಿನ್ಯೋನ್ ಊರಾಗ ಹಾಕಂತ ಕೇಳ್ರಿ. ಮೊಣಕಾಲಿಗಿ ಅದೊಂದೇ ದೊಡ್ಡ ಉಪಕಾರ.

ಸೀಟು ಬಲಗಡೆ ಕೇಳ್ರಿ. ಪೂರ್ವಕ್ಕ ಹೋಗುವಾಗ ಸಮುದ್ರ ಬಲಕ್ಕೇ ಇರ್ತದ. ನೀಸ್‌ನಿಂದ ಜೆನೋವಾತನಕ ಹಾದಿ ತುಂಬಾ ಸುರಂಗ, ಎತ್ತರದ ಸೇತುವೆ. ವಾಂತಿ ಬರೋರು ಮುಂದಿನ ಸಾಲಿನಾಗ ಕೂಡ್ರಿ.

'ಪನೋರಮಿಕ್ ಟೂರ್' ಅಂದ್ರ ಹೆಚ್ಚಾಗಿ ಕಿಟಕಿಯಿಂದ ನೋಡೋದು. ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಒಳಗ ಹೋಗ್ಲಿಕ್ಕೆ ವೇಳೆ ಗೊತ್ತು ಮಾಡಿದ ಟಿಕೆಟ್ ಮೊದಲೇ ಬೇಕು, ಅದು ಸೇರ್ಯದಂತ ಬರಸ್ಕೋರಿ. ಪೀಸಾದಾಗ ಬಸ್ಸು ಗೋಪುರದ ತನಕ ಹೋಗಲ್ಲ. ಪಾರ್ಕಿಂಗ್‌ನಿಂದ ಒಂದು ಕಿ.ಮೀ. ಮ್ಯಾಲ ನಡಿಗಿ, ಶಟಲ್ ಬಗ್ಗೆ ಗೈಡ್‌ಗೆ ಮೊದಲೇ ಹೇಳಿಡ್ರಿ.

ಬಿದರಿಕುಸುರಿ, ಬೀದರ್:
ವೀಸಾ: ಸ್ಪೇನ್, ಫ್ರಾನ್ಸ್, ಇಟಲಿ ಮೂರಕ್ಕೂ ಒಂದೇ ಷೆಂಗೆನ್ ವೀಸಾ; ಯಾವ ದೇಶದಾಗ ಹೆಚ್ಚು ದಿನ ಇರ್ತೀರೋ ಅದರದ್ದು. ನಿಮ್ಮ ಲೆಕ್ಕಕ್ಕ ಪೀಸಾ 1, ರೋಮ್ 3, ಅಂದ್ರ ಇಟಲಿ. 'ಅಪಾಯಿಂಟ್‌ಮೆಂಟ್ ಲಗೂ ಸಿಗ್ತದ' ಅಂತ ಏಜೆಂಟ್ ಬೇರೆ ದೇಶದ್ದು ಹಾಕಿದ್ರ ಒಪ್ಪಬ್ಯಾಡ್ರಿ. ಹೋಟೆಲ್ ವೋಚರಿನ ರಾತ್ರಿ ಮತ್ತ ಅರ್ಜಿ ತಾಳೆ ಆಗದಿದ್ರ ತಿರಸ್ಕಾರ ಆಗ್ತದ. ಸಮಾನ ದಿನ ಇದ್ರ ಮಾತ್ರ ಮೊದಲು ಕಾಲಿಡೋ ದೇಶ. ಮೊನಾಕೊಕ್ಕ ಬೇರೆ ವೀಸಾ ಬ್ಯಾಡ.

ಪ್ರವಾಸಕ್ಕ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೀ ಗಡುವು 15 ದಿನ. ಆದ್ರ ಜೂನ್ ಒಳಗ ಮುಗಿಸ್ರಿ. ಪಾಸ್‌ಪೋರ್ಟು ವಾಪಸ್ ಹೊರಡೋ ದಿನದ ನಂತರ 3 ತಿಂಗಳಾದ್ರೂ ಚಾಲ್ತಿ ಇರಬೇಕು, 10 ವರ್ಷದ ಒಳಗ ಕೊಟ್ಟಿದ್ದಿರಬೇಕು, ಎರಡು ಪುಟ ಖಾಲಿ ಬೇಕು. ವಿಮೆ ಕನಿಷ್ಠ 30,000 ಯೂರೋದ್ದು. ಶುಲ್ಕ ತಲಾ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಅರ್ಜಿಗಿ ಒಂದು ವಾರ ಮೊದಲು ಖಾತೆಗಿ ಒಮ್ಮೆಲೆ ದೊಡ್ಡ ಮೊತ್ತ ತುಂಬಬ್ಯಾಡ್ರಿ, ಅನುಮಾನ ಬರ್ತದ.

2025ರ ಅಕ್ಟೋಬರ್ 12ರಿಂದ ಗಡಿಯಾಗ ಬೆರಳಚ್ಚು, ಮುಖದ ಫೋಟೋ ತಗೊಳ್ಳೋ ಪದ್ಧತಿ ಶುರುವಾಗ್ಯದ. ಮೊದಲ ಸಲ ಸಾಲು ಉದ್ದ ಇರ್ತದ. ಇಳಿದ ವಿಮಾನಕ್ಕೂ ಮುಂದಿನ ವಿಮಾನಕ್ಕೂ ನಡುವ ಬಿಗಿಯಾದ ಅಂತರ ಇಟ್ಕೋಬ್ಯಾಡ್ರಿ.

ಭೀಮಾತೀರ, ಯಾದಗಿರಿ:
ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ರಿ. ಹಾಲಿನ ಮತ್ತ ಮಾಂಸದ ಪದಾರ್ಥ ಗಡಿಯಾಗ ಕಸಿತಾರ, ತುಪ್ಪ-ಪೇಢಾ ಸುದ್ದಿ ಬ್ಯಾಡ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೇ ಬಿಡಲ್ಲ. ರೊಟ್ಟಿ ಸ್ಟೀಲ್ ಡಬ್ಬಿಯಾಗ ಇಡ್ರಿ, ಚೀಲದಾಗ ಪುಡಿಪುಡಿ ಆಗ್ತದ. ಹಿಂಡಿಗಿ ಎಣ್ಣಿ ಅಲ್ಲೇ ಹೋಗಿ ಕಲಸ್ಕೋರಿ, ಇಲ್ಲಾಂದ್ರ ಬಟ್ಟಿ ಎಲ್ಲಾ ಜಿಡ್ಡು.

ಗುಳಿಗಿ ಡಾಕ್ಟರ ಚೀಟಿ ಸಮೇತ ಕೈಚೀಲದಾಗ ಇರ್ಲಿ; ದೊಡ್ಡ ಪೆಟ್ಟಿಗಿ ಬಸ್ಸಿನ ಹೊಟ್ಟಿಯಾಗ ಹೋಗ್ತದ, ಹಾದ್ಯಾಗ ಸಿಗಲ್ಲ. ಕಲ್ಲುಹಾಸಿನ ಓಣಿಯಾಗ ನಾಲ್ಕು ಸಣ್ಣ ಗಾಲಿಗಿಂತ ಎರಡು ದೊಡ್ಡ ಗಾಲಿ ಪೆಟ್ಟಿಗಿ ಬಾಳಿಕಿ ಬರ್ತದ.

ಒಂದು ಮರೀಬ್ಯಾಡ್ರಿ: ಊರಿನ ತೆರಿಗಿ ಪ್ಯಾಕೇಜಿನಾಗ ಸೇರ್ಯದೋ ಕೇಳ್ರಿ. ರೋಮ್‌ನ ನಾಲ್ಕು ಸ್ಟಾರ್ ಹೋಟೆಲ್‌ಗೆ ತಲಾ ರಾತ್ರಿಗೆ 7.50 ಯೂರೋ, ಇಬ್ರಿಗಿ ಮೂರು ರಾತ್ರಿಗೆ 45. ಸೇರಿಲ್ಲಂದ್ರ ಹೋಟೆಲ್ ಕೌಂಟರಿನಾಗೇ ಕಟ್ಟಬೇಕು.