ಸಹಾಯ ಬೇಕು: ಜೀನೋಗ್ರಾಮ್‌ನಲ್ಲಿ ಸೋದರಮಾವನನ್ನು ಎಲ್ಲಿ ಕೂರಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಕೌನ್ಸೆಲಿಂಗ್ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಫ್ಯಾಮಿಲಿ ಥೆರಪಿ ಪ್ರಾಕ್ಟಿಕಲ್‌ಗೆ 3 ತಲೆಮಾರಿನ ಜೀನೋಗ್ರಾಮ್ (ಕುಟುಂಬದವರನ್ನೂ ಅವರ ಸಂಬಂಧಗಳನ್ನೂ ತೋರಿಸುವ ನಕ್ಷೆ) ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತಲೆಮಾರಿಗೊಂದು ಸಾಲು. ಸುಲಭ ಅಲ್ವಾ? ಅಭ್ಯಾಸಕ್ಕೆ ಅಂತ ನಮ್ಮ ಮನೆಯದನ್ನೇ ಬರೆಯಲು ಕೂತೆ. ನಮ್ಮಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಅಂದರೆ ತಾತ ಅಜ್ಜಿಗಿಂತ ಒಂದು ಸಾಲು ಮೇಲೆ! ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ ಅಂತ ಗೊತ್ತು. ಆದರೆ ಗೆರೆಯನ್ನು ಓರೆಯಾಗಿ ಎಳೆಯಲೋ, ತಾತನನ್ನು ಎರಡು ಕಡೆ ಬರೆಯಲೋ? ನಾಲ್ಕು ಹಾಳೆ ಹರಿದು ಹಾಕಿದ್ದಾಯಿತು.

ಇನ್ನೊಂದು ವಿಷಯ. ಸರ್ಕ್ಯುಲರ್ ಪ್ರಶ್ನೆ ಇದೆಯಲ್ಲ, ಇಟಲಿಯ ಮಿಲಾನ್ ತಂಡದ ಫ್ಯಾಮಿಲಿ ಥೆರಪಿಸ್ಟ್‌ಗಳು ರೂಢಿಗೆ ತಂದದ್ದು. ಇಬ್ಬರ ನಡುವಿನ ಸಂಗತಿಯನ್ನು ಮೂರನೆಯವರ ಬಾಯಲ್ಲಿ ಕೇಳುವುದು. "ಅತ್ತೆ ಮಾತು ಬಿಟ್ಟಾಗ ನಿಮ್ಮ ಯಜಮಾನರು ಏನು ಮಾಡುತ್ತಾರೆ?" ಅಂತ ರೋಲ್ ಪ್ಲೇನಲ್ಲಿ ಸೊಸೆಯನ್ನು ಕೇಳಿದೆ. ಅತ್ತೆ ಪಾತ್ರದವಳು ಪಕ್ಕದಲ್ಲೇ ಕೂತಿದ್ದಳು. "ಹಾಗೇನಿಲ್ಲ ಮೇಡಂ" ಅಂದುಬಿಟ್ಟಳು ಸೊಸೆ. ಅಲ್ಲಿಗೆ ಮುಗಿಯಿತು. ಸುಮ್ನೆ ನಟನೆಯಾದರೂ ನಿಜವಾದ ಮನೆಯಲ್ಲೂ ಇದೇ ಉತ್ತರ ಬರುತ್ತದೆ ಅನಿಸಿತು.

ಹಳ್ಳಿ ಕಡೆಯ ಕುಟುಂಬಗಳ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಮೊದಲು ಹಿರಿಯರನ್ನೇ ಮಾತಾಡಿಸುತ್ತೀರಾ? ಇಂಥ ಪ್ರಶ್ನೆಯನ್ನು ಕನ್ನಡದಲ್ಲಿ ನೋಯಿಸದಂತೆ ಹೇಗೆ ಕೇಳುತ್ತೀರಿ? ಒಂದೆರಡು ವಾಕ್ಯ ಬರೆದರೂ ಸಾಕು. ನಿಮ್ಮ ಕ್ಲೈಂಟ್‌ಗಳ ಗುರುತು ಸಿಗುವಂಥದ್ದು ಮಾತ್ರ ಬೇಡ. ಸೋಮವಾರ ಸೂಪರ್‌ವಿಷನ್ (ಮಾರ್ಗದರ್ಶಕರ ಜೊತೆ ಚರ್ಚೆ) ಇದೆ.