ಹೊಡೆದರೂ ಉಳಿಯುವ ಗುರಿಗೆ ಏನೆನ್ನೋಣ?

ಏರ್‌ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಅಭ್ಯಾಸಕ್ಕೆಂದು ಮತ್ತೆ ಮತ್ತೆ ಬಳಸಬಹುದಾದ ಲೋಹದ ಗುರಿಯೊಂದನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲಸವೇನೂ ದೊಡ್ಡದಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪ್ಲೇಟಿನ ತುಂಡು, ಎರಡು ಗೇಣು ಸರಪಳಿ, ಒಂದು ಕಬ್ಬಿಣದ ಚೌಕಟ್ಟು ಇದ್ದರಾಯಿತು. ತೊಡಕಿರುವುದು ಅದರ ಹೆಸರಿನಲ್ಲಿ.

ಬರೀ 'ಗುರಿ' ಎಂದರೆ ಸಾಲದು. 'ಗುರಿಯನ್ನು ಸರಪಳಿಗೆ ತೂಗುಹಾಕಿ' ಎಂದು ಬರೆದು ನೋಡಿ, ನಗು ಬರುತ್ತದೆ. ಗುರಿ ಇಡುತ್ತೇವೆ, ಗುರಿ ತಪ್ಪುತ್ತೇವೆ, ಗುರಿ ಮುಟ್ಟುತ್ತೇವೆ, ಟೀಕೆಗೆ ಗುರಿಯಾಗುತ್ತೇವೆ. ಇಷ್ಟೆಲ್ಲ ಹೊತ್ತ ಪದಕ್ಕೆ ನಟ್ಟು-ಬೋಲ್ಟು ಹಾಕುವುದು ಕಷ್ಟ. 'ಗುರಿಹಲಗೆ' ಅರ್ಥವಾಗುತ್ತದೆ, ಆದರೆ ಹಲಗೆ ಎಂದೊಡನೆ ಕಣ್ಣಿಗೆ ಬರುವುದು ಮರ. 'ಫಲಕ' ಎಂದರೆ ಬಸ್ ನಿಲ್ದಾಣದ ಬೋರ್ಡು.

'ತಗಡು' ನಾಲಿಗೆಗೆ ಸುಲಭ, ಆದರೆ ಇಲ್ಲಿ ಅಪಾಯ. ತಗಡು ಎಂದು ಓದಿದವರು ಎಣ್ಣೆ ಡಬ್ಬ ಬಿಚ್ಚಿ ತೂಗುಹಾಕಿಯಾರು. ಪೆಲೆಟ್, ಅಂದರೆ ಈ ರೈಫಲ್ಲಿನ ಪುಟ್ಟ ಸೀಸದ ಗುಂಡು, ಅದನ್ನು ತೂತು ಮಾಡಿಕೊಂಡು ಆಚೆ ಹೋದೀತು. 4.5 ಮಿ.ಮೀ. ಬೋರಿನ (ನಳಿಗೆಯ ಒಳ ಅಗಲದ) ಸಾಮಾನ್ಯ ಏರ್‌ರೈಫಲ್‌ಗೆ, 10 ಮೀಟರ್ ದೂರದಿಂದ, 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ತಡೆಯುತ್ತದೆ. ಮದ್ದಿನ ಬಂದೂಕಿಗೆ ಈ ಲೆಕ್ಕ ಸಲ್ಲದು, ಅದಕ್ಕೆ ಗಟ್ಟಿಗೊಳಿಸಿದ ಉಕ್ಕೇ ಬೇಕು.

ನನ್ನ ಒಲವು 'ಬಿಲ್ಲೆ'ಯ ಕಡೆಗೆ. ದುಂಡಗೆ, ಗಟ್ಟಿಯಾಗಿ, ಕೈಯಲ್ಲಿ ಹಿಡಿಯುವಂತಿರುವ ವಸ್ತು. ಕುಂಟೆಬಿಲ್ಲೆ ಆಡಿದವರಿಗೆ ವಿವರಿಸಬೇಕಿಲ್ಲ. ಸರಪಳಿಯಲ್ಲಿ ನೇತಾಡುವುದು ತೂಗುಬಿಲ್ಲೆ, ಅಡ್ಡ ಸರಳಿನ ಮೇಲೆ ಸುತ್ತುವುದು ತಿರುಗುಬಿಲ್ಲೆ. ತೂಗುಸೇತುವೆ, ತಿರುಗುಕುರ್ಚಿ ಇದ್ದ ಮೇಲೆ ಇವೂ ಇರಬಹುದಲ್ಲ? ಸಿಕ್ಕಿಕೊಂಡದ್ದು ಮೂರನೆಯದರಲ್ಲಿ, ಏಟು ತಾಗಿದರೆ ಮಗುಚಿ ಬಿದ್ದು ಮತ್ತೆ ಎಬ್ಬಿಸಬಹುದಾದ ಬಗೆಯಲ್ಲಿ. ಬಯಾಥ್ಲಾನ್‌ನಲ್ಲಿ (ಹಿಮದ ಮೇಲೆ ಸ್ಕೀ ಮಾಡುತ್ತ ನಡುನಡುವೆ ಗುಂಡು ಹೊಡೆಯುವ ಆಟ) 50 ಮೀಟರ್ ದೂರದಲ್ಲಿ ಐದು ಕಪ್ಪು ಗುರಿಗಳು ಸಾಲಾಗಿರುತ್ತವೆ. ಮಲಗಿ ಹೊಡೆಯುವಾಗ ತಾಗಬೇಕಾದ ಅಗಲ 45 ಮಿ.ಮೀ., ನಿಂತು ಹೊಡೆಯುವಾಗ 115. ತಾಗಿದೊಡನೆ ಕಪ್ಪು ಮರೆಯಾಗಿ ಬಿಳಿ ಕಾಣುತ್ತದೆ, ಆಮೇಲೆ ಮತ್ತೆ ಮೊದಲಿನಂತೆ. ಏರ್‌ರೈಫಲ್‌ನ ಫೀಲ್ಡ್ ಟಾರ್ಗೆಟ್ ಆಟದಲ್ಲಿ ನಿಂತಲ್ಲಿಂದಲೇ ಹಗ್ಗ ಎಳೆದು ಬಿದ್ದದ್ದನ್ನು ಎಬ್ಬಿಸುತ್ತಾರೆ. ಇದನ್ನು 'ಬೀಳುಬಿಲ್ಲೆ' ಎನ್ನೋಣವೆಂದರೆ ಬೀಳುಭೂಮಿ ನೆನಪಾಗಿ, ಪಾಳು ಬಿದ್ದದ್ದು ಎಂಬ ಅರ್ಥ ಬಂದುಬಿಡುತ್ತದೆ. 'ಮಗುಚುಬಿಲ್ಲೆ' ಹೇಗೆ? ನನಗೇನೋ ದೋಸೆಯ ವಾಸನೆ ಬರುತ್ತಿದೆ.

ನಮ್ಮಲ್ಲಿ ಇದಕ್ಕೆ ಸಿದ್ಧಪದ ಇಲ್ಲದಿರುವುದಕ್ಕೆ ಕಾರಣವೂ ಇರಬಹುದು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ಸಮಯದಲ್ಲಿ ಕೊಡಗಿನವರು ಗುಂಡು ಹೊಡೆಯುವುದು ತೆಂಗಿನಕಾಯಿಗೆ, ಒಡೆದರೇ ಗೆದ್ದಂತೆ. ಜಾತ್ರೆಯಲ್ಲಿ ಬಲೂನು, ಅದೂ ಅಷ್ಟೆ. ಏಟು ತಿಂದು ಎದ್ದು ನಿಲ್ಲುವ ಗುರಿಯನ್ನು ನಾವು ಕರೆಯಬೇಕಾಗಿಯೇ ಬಂದಿರಲಿಲ್ಲ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ತಾಗಿದ ಗುಂಡು ಹಿಂದಿರುಗುವುದಕ್ಕೆ ಪುಟಿ, ಸಿಡಿ, ಎಗರು ಮೂರನ್ನೂ ಒಂದೇ ಎಂಬಂತೆ ಬರೆಯುವುದನ್ನು ಕಂಡಿದ್ದೇನೆ. ಇಲ್ಲಿ ಬೇರೆಬೇರೆಯಾಗಿಯೇ ಇಡಬೇಕು. ಸೀಸದ ಪೆಲೆಟ್ ಪ್ಲೇಟಿಗೆ ಬಡಿದು ಅಪ್ಪಚ್ಚಿಯಾಗುತ್ತದೆ, ಚೂರು ಸಿಡಿಯುತ್ತದೆ. ಉಕ್ಕಿನ ಬಿಬಿ ಗುಂಡು (ಗೋಲಿಯಂಥ ಪುಟ್ಟ ಗುಂಡು) ಪುಟಿಯುತ್ತದೆ, ಅದೂ ಹೊಡೆದವನ ಕಣ್ಣಿಗೇ. ಹಾಗಾಗಿ ಲೋಹದ ಗುರಿಗೆ ಅದನ್ನು ಹೊಡೆಯಲೇಬಾರದು. ಸೀಸದ್ದಾದರೂ ಕನ್ನಡಕ ಬೇಕು, ಬಿಲ್ಲೆಯ ಮುಖ ತುಸು ನೆಲದತ್ತ ಬಾಗಿರಬೇಕು. ಗುಳಿ ಬಿದ್ದ ಬಿಲ್ಲೆಯಿಂದ ಚೂರು ಎತ್ತ ಹಾರುತ್ತದೆಂದು ಹೇಳಲಾಗದು, ಅದನ್ನು ತೆಗೆದುಹಾಕಬೇಕು. 'ಸಿಡಿಯಬಹುದು' ಎಂಬಲ್ಲಿ 'ಪುಟಿಯಬಹುದು' ಎಂದು ಬರೆದರೆ ಓದುಗರು ಯಾವ ಗುಂಡು ಕೊಂಡಾರೋ!

ಗುರಿಯ ಹಿಂದೆ ಇಡುವ, ತಪ್ಪಿದ ಗುಂಡನ್ನು ಹಿಡಿಯುವ ಪೆಟ್ಟಿಗೆಗೂ ಪದ ಬೇಕಾಗಿದೆ. 'ಗುಂಡುಪೆಟ್ಟಿಗೆ' ಎಂದರೆ ಹೊಸ ಗುಂಡು ತುಂಬಿಡುವುದು ಎಂದೇ ತಿಳಿಯುತ್ತಾರೆ. 'ಹಿಂತಡೆ' ಎಂದು ಸದ್ಯಕ್ಕೆ ಬರೆದಿದ್ದೇನೆ, ಮನಸ್ಸಿಗೆ ಹಿಡಿಸಿಲ್ಲ.

ಮಲೆನಾಡಿನಲ್ಲಿ ಕೋವಿ, ಈಡು, ಚರೆ ಎಂಬ ಮಾತುಗಳ ನಡುವೆ ಬೆಳೆದವರು ಇಲ್ಲಿದ್ದೀರಿ. ಕೋವಿ ಪರೀಕ್ಷಿಸಲು ಮರಕ್ಕೋ ಗೋಡೆಗೋ ಕಟ್ಟುತ್ತಿದ್ದ ವಸ್ತುವಿಗೆ ನಿಮ್ಮ ಮನೆಗಳಲ್ಲಿ ಹೆಸರಿತ್ತೇ? ಊರಿನ ಹೆಸರು ಸೇರಿಸಿ ತಿಳಿಸಿದರೆ ಉಪಕಾರ.