ಅರವತ್ತಕ್ಕೆ ನಡುಗುವ ಗಣಪತಿ

ನಮ್ಮ ಶಾಮಿಯಾನದ ಯಜಮಾನನ ಲಾರಿ ನಡುಗುತ್ತದೆ ಎಂಬುದು ಹನುಮಂತನಗರದಲ್ಲಿ ಸುದ್ದಿಯೇ ಅಲ್ಲ. ಇನ್ನೂರು ಕಬ್ಬಿಣದ ಕುರ್ಚಿ, ಆರು ಕೊಳದಪ್ಪಲೆ, ಒಂದು ಹೊರೆ ಜಮಖಾನ ಹೊತ್ತು ಬೆಂಗಳೂರಿನ ಗುಂಡಿಗಳಲ್ಲಿ ಓಡುವ 22 ವರ್ಷದ ಗಾಡಿ ನಡುಗದಿದ್ದರೆ ಅನುಮಾನಪಡಬೇಕು. ಸುದ್ದಿಯಾದದ್ದು, ಮದುವೆ ಮನೆಯಲ್ಲಿ ಕುರ್ಚಿ ಇಳಿಸಿ ಖಾಲಿ ಬರುವಾಗಲೇ ಅದು ಹೆಚ್ಚು ನಡುಗತೊಡಗಿದ ಮೇಲೆ.

ಡ್ಯಾಶ್‌ಬೋರ್ಡಿನ ಮೇಲೆ ಒಬ್ಬ ಪುಟ್ಟ ಗಣಪತಿಯಿದ್ದಾನೆ. ವೇಗ 40 ಇರುವವರೆಗೆ ಶಾಂತಮೂರ್ತಿ. 50ಕ್ಕೆ ಕಿವಿ ಅದುರುತ್ತದೆ. 60ಕ್ಕೆ ಸೊಂಡಿಲು ಎಡಮುರಿಯೋ ಬಲಮುರಿಯೋ ಹೇಳಲಾಗದಷ್ಟು ಮಸುಕಾಗುತ್ತಾನೆ.

ಭಾನುವಾರದ ದರ್ಶಿನಿ ಸಭೆಯಲ್ಲಿ, ಎರಡು ಬೈಟು ಕಾಫಿಯ ಸುತ್ತ ನಾವು ನಾಲ್ವರು ನಿಂತು ವಿಚಾರಣೆ ಶುರು ಮಾಡಿದೆವು.

"ಟೈರು" ಎಂದರು ನಿವೃತ್ತ ಬ್ಯಾಂಕಿನವರು. ಅವರ ಸ್ಕೂಟರಿನ ಎಲ್ಲ ಕಾಯಿಲೆಗಳೂ ಟೈರಿನವೇ.

"ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕಿಸಿ ನೋಡಿದೆ ಸ್ವಾಮಿ. ಏನೂ ಬದಲಾಗಲಿಲ್ಲ."

"ಎಂಜಿನ್ ಮೌಂಟಿಂಗ್" ಎಂದೆ ನಾನು. ಆ ಪದ ನನಗೆ ಗೊತ್ತಿತ್ತು ಎಂಬುದಷ್ಟೇ ನನ್ನ ಆಧಾರ.

"ಅದನ್ನೂ ಬದಲಾಯಿಸಿದೆ. ದೃಷ್ಟಿಯಿರಬಹುದೆಂದು ನಿಂಬೆಹಣ್ಣು ಕಟ್ಟಿದೆ. ಈಗ ನಿಂಬೆಹಣ್ಣೂ ನಡುಗುತ್ತದೆ." ಯಜಮಾನ ಕೈಚೀಲ ಎತ್ತಿ ತೋರಿಸಿದ. "ಕೊನೆಗೆ ಜೆ.ಸಿ. ರಸ್ತೆಗೆ ಹೋಗಿ ಪ್ರೊಪೆಲ್ಲರ್ ಶಾಫ್ಟಿಗೆ ಎರಡು ಹೊಸ ಕ್ರಾಸ್ ತಂದಿದ್ದೇನೆ." ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಉದ್ದನೆಯ ಕೊಳವೆಯೇ ಈ ಶಾಫ್ಟ್; ಅದರ ಎರಡು ತುದಿಯ ಕೀಲುಗಳಲ್ಲಿ ಕೂರುವ ಕೂಡುಗೆಯಾಕಾರದ ತುಂಡೇ ಕ್ರಾಸ್.

ಅಷ್ಟರವರೆಗೆ ಸುಮ್ಮನಿದ್ದ ಭೌತಶಾಸ್ತ್ರದ ಮೇಷ್ಟ್ರು ಬಿಲ್ಲಿನ ಹಿಂಬದಿಯನ್ನು ತಿರುಗಿಸಿದರು. ಅವರ ಕೈಗೆ ಖಾಲಿ ಕಾಗದ ಸಿಕ್ಕಿದರೆ ನಮಗೆ ಅರ್ಧ ಗಂಟೆ ಬಿಡುಗಡೆಯಿಲ್ಲ.

"ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1000 ಮೀಟರ್. ನಿನ್ನ ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಚಕ್ರ ಎಷ್ಟು ಸುತ್ತಬೇಕು?"

"ನಾನೂರು" ಎಂದರು ಬ್ಯಾಂಕಿನವರು. ಲೆಕ್ಕ ಬಂದರೆ ಅವರು ಇನ್ನೂ ಸೇವೆಯಲ್ಲಿದ್ದಾರೆ.

"ಹಿಂದಿನ ಚಕ್ರಗಳ ನಡುವಿನ ಗೇರು, ಅಂದರೆ ಡಿಫರೆನ್ಷಿಯಲ್ಲಿನಲ್ಲಿ ಹೆಚ್ಚುಕಡಿಮೆ ಐದಕ್ಕೆ ಒಂದು. ಚಕ್ರ 400 ಸುತ್ತುವಾಗ ಶಾಫ್ಟ್ 2000 ಸುತ್ತುತ್ತದೆ. ಚಕ್ರದ ದೋಷ ಸೆಕೆಂಡಿಗೆ ಆರೇಳು ಸಲ ಕುಲುಕುತ್ತದೆ, ತೊಟ್ಟಿಲಿನ ಹಾಗೆ. ಶಾಫ್ಟಿನದು ಮೂವತ್ತಮೂರು ಸಲ, ಕೆಲವು ದೋಷಗಳಲ್ಲಿ ಅದರ ಎರಡರಷ್ಟು. ಅದು ಕುಲುಕಾಟವಲ್ಲ, ಗುಂಯ್‌ಗುಡುವಿಕೆ. ಈಗ ಹೇಳು, ನಿನ್ನ ಗಣಪತಿ ತೂಗುತ್ತಾನೋ, ಮಸುಕಾಗುತ್ತಾನೋ?"

"ಮಸುಕಾಗುತ್ತಾನೆ ಮೇಷ್ಟ್ರೇ."

"ಟೈರನ್ನು ಬಿಟ್ಟುಬಿಡು."

ಬ್ಯಾಂಕಿನವರು ಮುಖ ಸಣ್ಣದು ಮಾಡಿಕೊಂಡು ನನ್ನ ಪಾಲಿನ ಕಾಫಿಯನ್ನೂ ಕುಡಿದರು.

ಎಂಜಿನ್ನನ್ನು ಬಿಡಿಸಿಕೊಳ್ಳುವುದು ಇನ್ನೂ ಬಾಕಿಯಿತ್ತು. ಅದಕ್ಕೆ ನುಣುಪಾದ ರಸ್ತೆ ಬೇಕು. ಈ ಊರಿನಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿಗಿಂತ ದುಬಾರಿ. ಮರುದಿನ ಬೆಳಗಿನ ಜಾವ ಐದಕ್ಕೆ ಕೆಂಗೇರಿ ದಾಟಿದ ಮೇಲೆ ಒಂದು ತುಂಡು ಸಿಕ್ಕಿತು. ವೇಗ 60ಕ್ಕೆ ಏರಿತು, ಗಣಪತಿ ಮಸುಕಾದ. ಯಜಮಾನ ಗೇರನ್ನು ನ್ಯೂಟ್ರಲ್‌ಗೆ ತಂದ. ಎಂಜಿನ್ನಿನ ಸದ್ದು ಇಳಿಯಿತು, ಲಾರಿ ತನ್ನ ಪಾಡಿಗೆ ಉರುಳಿತು, ಗಣಪತಿ ಮಾತ್ರ ಹಾಗೆಯೇ ನಡುಗುತ್ತಿದ್ದ. ಎಂಜಿನ್ ನಿರಪರಾಧಿ. ಹೊಸ ಮೌಂಟಿಂಗಿಗೆ ಕೊಟ್ಟ ದುಡ್ಡಿನ ಬಗ್ಗೆ ಯಾರೂ ಮಾತನಾಡಲಿಲ್ಲ. ನಾನಂತೂ ಕಿಟಕಿಯಾಚೆ ನೋಡುತ್ತಿದ್ದೆ.

ಅಲ್ಲಿಂದ ನೇರವಾಗಿ ಗ್ಯಾರೇಜಿನ ಮೇಸ್ತ್ರಿಯ ಬಳಿಗೆ. ಅವರು ನಮ್ಮ ಮೂರು ವಾರದ ಸಂಶೋಧನೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಗಾಲಿಗೆ ಕಲ್ಲು ಕೊಟ್ಟು, ಕೆಳಗೆ ಹೊರಳಿ, ಎರಡೂ ಕೈಯಿಂದ ಶಾಫ್ಟ್ ಹಿಡಿದು ತಿರುಚಿ ನೋಡಿದರು.

"ಕ್ರಾಸ್ ಸವೆದಿದ್ದರೆ ಇಲ್ಲಿ ಆಟ ಸಿಗಬೇಕು. ಗಾಡಿ ಹೊರಡಿಸುವಾಗ ಟಣ್ ಎನ್ನಬೇಕು. ಕ್ರಾಸಿನ ತುದಿಯ ಬಟ್ಟಲಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಇರಬೇಕು."

"ಕುಂಕುಮ ಇದೆಯಲ್ಲ!" ಎಂದ ಯಜಮಾನ, ಬಗ್ಗಿ ನೋಡುತ್ತ.

ಮೇಸ್ತ್ರಿ ಬೆರಳಿಗೆ ತಾಗಿಸಿ ಮೂಸಿದರು. "ಇದು ನಿಜವಾದ ಕುಂಕುಮ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರು, ನಾವು ನಾಲ್ವರೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದರು. "ಯಾವಾಗಿನಿಂದ ನಡುಗುತ್ತಿದೆ?"

"ಆಯುಧಪೂಜೆಯ ಮಾರನೆಯ ದಿನದಿಂದ."

ಇಲ್ಲಿ ನಾನೊಂದು ವಿಷಯ ಹೇಳಬೇಕು. ಪೂಜೆಯ ಹಿಂದಿನ ದಿನ, ಮೇಲೆಲ್ಲ ಬಣ್ಣ ಹೊಡೆದು ಹೊಟ್ಟೆಯನ್ನು ಕೊಳಕಾಗಿ ಬಿಡುವುದು ದೇವರಿಗೆ ಮೋಸ ಮಾಡಿದಂತೆ ಎಂದು ಯಜಮಾನನಿಗೆ ಉಪದೇಶ ಮಾಡಿದವನು ನಾನೇ. ಶಾಫ್ಟನ್ನು ಬಿಚ್ಚಿ, ಎರಡು ತುಂಡು ಮಾಡಿ, ಉಜ್ಜಿ, ಕೆಂಪು ಬಣ್ಣ ಬಳಿದೆವು. ಕೊಳವೆಗೆ ಅಂಟಿದ್ದ ಒಂದು ಕಬ್ಬಿಣದ ಚೂರನ್ನು ಗಲೀಜೆಂದುಕೊಂಡು ಕೀಳಲೂ ನೋಡಿದ್ದೆ. ಅದು ಶಾಫ್ಟಿನ ತೂಕ ಸಮ ಮಾಡಲು ಬೆಸೆದ ಚೂರಂತೆ. ಪುಣ್ಯಕ್ಕೆ ಬೆಸುಗೆ ಗಟ್ಟಿಯಾಗಿತ್ತು.

ಮೇಸ್ತ್ರಿ ಉಕ್ಕಿನ ಬ್ರಷ್ಷಿನಿಂದ ನನ್ನ ಕೆಂಪನ್ನು ಕೆರೆದರು. ಒಂದು ತುಂಡಿನ ಮೇಲೆ ಒಂದು ಬಾಣ ಕಾಣಿಸಿತು. ಇನ್ನೊಂದರ ಮೇಲೆ ಇನ್ನೊಂದು ಬಾಣ. ಎರಡೂ ಮುಖಾಮುಖಿಯಾಗಿ ಕೂರಬೇಕಾದವು, ಮುನಿಸಿಕೊಂಡ ಬೀಗರ ಹಾಗೆ ಬೇರೆ ಬೇರೆ ಕಡೆ ನೋಡುತ್ತಿದ್ದವು.

"ತುಂಡುಗಳು ಒಂದರೊಳಗೊಂದು ಕೂರುವ ಕಡೆ ಎರಡು ಹಲ್ಲು ತಪ್ಪಿದೆ."

ಮೇಷ್ಟ್ರಿಗೆ ಹಬ್ಬ. ಶಾಫ್ಟ್ ಓರೆಯಾಗಿದ್ದಾಗ ಕ್ರಾಸಿನ ಆಚೆ ಬದಿ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ ಎಂದು ವಿವರಿಸಿದರು. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ತಪ್ಪನ್ನು ತಿರುವುಮುರುವಾಗಿ ಮಾಡಿದರೆ ಚಕ್ರಕ್ಕೆ ವಿಷಯವೇ ತಿಳಿಯುವುದಿಲ್ಲವಂತೆ. 17ನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರು ಈ ಕೀಲಿಗೂ ಇದೆ ಎಂದು ಶುರು ಮಾಡುವಷ್ಟರಲ್ಲಿ ಬ್ಯಾಂಕಿನವರು ತಡೆದರು.

"ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ನಮ್ಮ ಗೆಳೆಯರು ಬಣ್ಣ ಬಳಿದು ಲೆಕ್ಕ ತಾಳೆಯಾಗದಂತೆ ಮಾಡಿದರು. ಅಷ್ಟೇ ತಾನೇ?"

"ಖಾಲಿಯಿದ್ದಾಗಲೇ ಯಾಕೆ ಹೆಚ್ಚು?" ಎಂದ ಯಜಮಾನ, ನನ್ನ ಕಡೆ ನೋಡದೆ.

"ಭಾರ ಇಳಿದರೆ ಲಾರಿಯ ಹಿಂಭಾಗ ಎದ್ದು ನಿಲ್ಲುತ್ತದೆ. ನಿಮ್ಮ ಗಾಡಿಯಲ್ಲಿ ಆಗ ಶಾಫ್ಟಿನ ಓರೆ ಹೆಚ್ಚು. ಓರೆ ಹೆಚ್ಚಿದರೆ ತಪ್ಪೂ ಹೆಚ್ಚುತ್ತದೆ" ಎಂದರು ಮೇಸ್ತ್ರಿ. ಹೊಸ ಕ್ರಾಸುಗಳನ್ನು ಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ, ಶಾಫ್ಟನ್ನು ಎಳೆದು, ಬಾಣಕ್ಕೆ ಬಾಣ ಹೊಂದಿಸಿ ಕೂರಿಸಿದರು. ಗ್ರೀಸ್ ಹೊಡೆಯುವುದೂ ಸೇರಿ ಮುಕ್ಕಾಲು ಗಂಟೆಯ ಕೆಲಸ.

ಮರುದಿನ ಜಾವಕ್ಕೆ ಮತ್ತೆ ಕೆಂಗೇರಿಯಾಚೆ ಹೋದೆವು. 40, 50, 60. ಗಣಪತಿ ಬಲಮುರಿ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ನಾವೆಲ್ಲ ಉಸಿರು ಬಿಡುವಷ್ಟರಲ್ಲಿ ಕೆಳಗಿನಿಂದ ಗಡಗಡ ಎಂಬ ಹೊಸ ಸದ್ದು ಕೇಳಿಸಿತು.

ಯಜಮಾನ ಲಾರಿ ನಿಲ್ಲಿಸಿ ಸೀಟಿನ ಕೆಳಗೆ ಕೈ ಹಾಕಿದ. ಅರ್ಧ ಡಬ್ಬ ಕೆಂಪು ಬಣ್ಣ ಉಳಿದಿತ್ತು.